ಎರಡನೆಯ ಕೀಲಿಕೈ

ಕಮಲಾಪುರ
9 ಜೂನ್ 2025

ಜೀನತ್ ಆಪಾ ಅವರಿಗೆ ಅಂಜನಾಳ ನಮಸ್ಕಾರ.

ನೀವು ನನ್ನ ಫೋನ್ ಎತ್ತದೆ ಮೂರು ವರ್ಷವಾಯಿತು. ಎತ್ತುವುದಿಲ್ಲ ಎಂದು ಗೊತ್ತಿದ್ದೂ ಹಬ್ಬಕ್ಕೊಮ್ಮೆ ಮಾಡುತ್ತಲೇ ಇದ್ದೇನೆ. ಪ್ರತಿ ಸಲ ನಿಮ್ಮ ತಮ್ಮನ ಮಗಳು ಹೀನಾ ಎತ್ತಿ, "ಫುಪ್ಪು ನಮಾಜಿಗಿ ಕುಂತಾರ್ರೀ" ಎನ್ನುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ಯಾವ ನಮಾಜು ಎಂದು ನಾನೂ ಕೇಳಿಲ್ಲ. ಅದಕ್ಕೇ ಈ ಸಲ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ಕಿರಾಣಿ ಸಾಮಾನು ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಬಿಚ್ಚಿ ಓದುವವರು ನೀವು. ಕಾಗದವನ್ನು ಓದದೆ ಎಸೆಯಲಾರಿರಿ.

ವಿಷಯಕ್ಕೆ ಬರುತ್ತೇನೆ. ತೋಟದಲ್ಲಿ ಅಪ್ಪ ಕಟ್ಟಿಸಿದ್ದ ಮನೆಯನ್ನು ಅಣ್ಣ ನನಗೆ ಬಿಟ್ಟುಕೊಟ್ಟಿದ್ದಾನೆ. ನಾಲ್ಕು ಕೋಣೆ, ಒಂದು ದೊಡ್ಡ ಪಡಸಾಲೆ, ಮೇಲೆ ಮಾಳಿಗೆ, ಸುತ್ತ ಕೆಂಪು ಬಾಳೆ. ಅದನ್ನು ಅತಿಥಿಗೃಹ ಮಾಡಲು ಹೊರಟಿದ್ದೇನೆ. ಕೋಟೆ, ದರ್ಗಾ, ಬುದ್ಧವಿಹಾರ ಎಂದು ಕಲಬುರಗಿಗೆ ಬರುವ ಹೆಣ್ಣುಮಕ್ಕಳ ತಂಡಗಳು ಬಹಳ. ಅವರು ಒಂದೆರಡು ದಿನ ಇಲ್ಲಿದ್ದು, ತೋಟ ನೋಡಿ, ಬಿಸಿ ರೊಟ್ಟಿ ಉಂಡು ಹೋಗಲಿ ಎಂಬುದು ನನ್ನ ಯೋಜನೆ. ಡಿಸೆಂಬರ್ ಹದಿನಾಲ್ಕಕ್ಕೆ ಸೋಲಾಪುರದ ಹನ್ನೆರಡು ಜನ ಶಿಕ್ಷಕಿಯರು ಬರುತ್ತೇವೆ ಎಂದು ಈಗಲೇ ಹೇಳಿದ್ದಾರೆ.

ಮೋಮಿನಪುರದಲ್ಲಿ ನಮ್ಮ 'ಆಸರೆ' ಮಹಿಳಾ ವಸತಿಗೃಹವನ್ನು ಹನ್ನೊಂದು ವರ್ಷ ನಡೆಸಿದೆವು. ನೀವು ಒಳಗಿನದು ನೋಡಿಕೊಂಡಿರಿ, ನಾನು ಹೊರಗಿನದು. ಬಂದವರಿಗೆ ನೀವು ಉಪ್ಪಿಟ್ಟು ಕೊಟ್ಟರೂ ಅವರು ಮನೆಗೆ ಹೋಗಿ ಬಿರಿಯಾನಿ ತಿಂದೆವು ಎಂದು ಹೇಳುತ್ತಿದ್ದರು. ನಿಮ್ಮನ್ನು ಬಿಟ್ಟು ಇದನ್ನು ಮಾಡುವ ಧೈರ್ಯ ನನಗಿಲ್ಲ. ಬರುತ್ತೀರಾ? ಕೂಡಿ ನಡೆಸೋಣ.

ನಿಮ್ಮ
ಅಂಜನಾ


ಮೋಮಿನಪುರ, ಕಲಬುರಗಿ
24 ಜೂನ್ 2025

ಅಂಜನಾ,

ಕಾಗದ ಬಂತು. ಪೋಸ್ಟ್‌ಮನ್ ಕೈಗೆ ಕೊಡುವಾಗ ಕೋರ್ಟಿನ ನೋಟಿಸೇ ಬಂದಿದೆ ಎಂಬಂತೆ ಓಣಿಯವರೆಲ್ಲ ನಿಂತು ನೋಡಿದರು. ಇನ್ನೊಮ್ಮೆ ಬರೆಯುವುದಾದರೆ ಆ ಕಂದು ಲಕೋಟೆ ಬೇಡ.

ಫೋನ್ ಎತ್ತದಿರುವುದಕ್ಕೆ ಸಿಟ್ಟು ಕಾರಣವಲ್ಲ. ನಿನ್ನ ದನಿ ಕೇಳಿದರೆ, ನೀನು ಏನು ಕೇಳಿದರೂ ಹೂಂ ಎಂದುಬಿಡುತ್ತೇನೆ. 'ಆಸರೆ' ಶುರುವಾದದ್ದೂ ಹಾಗೆಯೇ ಅಲ್ಲವೇ. ಕಾಗದದಲ್ಲಿ ಇಲ್ಲ ಎನ್ನುವುದು ಸುಲಭ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ: ನಾನು ಬರುವುದಿಲ್ಲ.

ಕಾರಣ ನಿನಗೆ ಗೊತ್ತಿದೆ, ಆದರೂ ನಮ್ಮಿಬ್ಬರ ನಡುವೆ ಅದನ್ನು ಯಾರೂ ಬಾಯಿಬಿಟ್ಟು ಆಡಿಲ್ಲ. ನಾನೇ ಬರೆಯುತ್ತೇನೆ. ಆ ಶುಕ್ರವಾರ ಮಧ್ಯಾಹ್ನ ನೀನು ಊರಿಗೆ ಹೋಗಿದ್ದೆ. ಎದುರುಮನೆಯಲ್ಲಿ ಸತ್ತವರ ಮೂರನೆಯ ದಿನದ ಫಾತಿಹಾ ಇತ್ತು. ನಾನು ಹೊರಗಿನಿಂದ ಬೀಗ ಹಾಕಿಕೊಂಡು ಹೋದೆ. ನಮ್ಮಿಬ್ಬರಲ್ಲಿ ಒಬ್ಬರೂ ಇಲ್ಲದಾಗ ಬಾಗಿಲು ತೆರೆದಿರಕೂಡದು ಎಂಬುದು ನಮ್ಮ ನಿಯಮ. ಆ ನಿಯಮ ನೋಡಿಯೇ ಅಪ್ಪಂದಿರು ನಮ್ಮಲ್ಲಿ ಮಕ್ಕಳನ್ನು ಬಿಟ್ಟುಹೋಗುತ್ತಿದ್ದರು. ಒಳಗೆ ಏಳು ಜನ ಇದ್ದರು. ಕೂಲರಿನ ಮೋಟಾರು ಸುಟ್ಟು, ಮೆಟ್ಟಿಲ ಕೆಳಗೆ ಒಟ್ಟಿದ್ದ ಗಾದಿಗಳಿಗೆ ಬೆಂಕಿ ಹತ್ತಿತು. ಬಾಗಿಲಲ್ಲೇ ಕೂಡಿಸಿದ್ದ ಆ ಬೀಗ ಒಳಗಿನಿಂದಲೂ ಕೀಲಿಕೈ ಇದ್ದರೆ ಮಾತ್ರ ತೆರೆಯುವಂಥದ್ದು. ಅದಕ್ಕೆಂದೇ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಎರಡನೆಯ ಕೀಲಿಕೈ ತೂಗುಹಾಕಿದ್ದೆವು. ಅವತ್ತು ಮೊಳೆ ಖಾಲಿ ಇತ್ತು. ವೆಲ್ಡಿಂಗ್ ಅಂಗಡಿಯ ಜಹಾಂಗೀರ್ ಕಟ್ಟರ್ ತಂದು ಬೀಗ ಕತ್ತರಿಸುವಷ್ಟರಲ್ಲಿ, ಹೊಗೆಗೆ ಹೆದರಿ ಮಾನಮ್ಮ ಮಾಳಿಗೆಯಿಂದ ಹಾರಿಬಿಟ್ಟಿದ್ದಳು. ಉಳಿದ ಆರು ಜನ ಪಾರಾದರು. ಸೊಸೆಯ ಹೆರಿಗೆಗೆಂದು ಬಂದವಳು ತೊಡೆಯ ಮೂಳೆ ಮುರಿದುಕೊಂಡು ಅದೇ ಆಸ್ಪತ್ರೆ ಸೇರಿದಳು.

ಆ ಕೀಲಿಕೈಯನ್ನು ನಾನೇ ಯಾವುದಕ್ಕೋ ತೆಗೆದು ಎಲ್ಲೋ ಇಟ್ಟು ಮರೆತಿದ್ದೇನೆ. ಎಲ್ಲಿ, ಯಾವಾಗ ಎಂದು ಮೂರು ವರ್ಷದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ನೆನಪಾಗುತ್ತಿಲ್ಲ. ಈಗ ನಮ್ಮ ಮನೆಯ ಕೀಲಿಕೈಯೂ ಹೀನಾಳ ಕೈಯಲ್ಲಿದೆ. ಗ್ಯಾಸ್ ಆರಿಸಿ ಬಂದು ನಾಲ್ಕು ಸಲ ಮತ್ತೆ ಹೋಗಿ ನೋಡುತ್ತೇನೆ. ಹುಡುಗಿ ನಗುತ್ತಾಳೆ, ನಗಲಿ. ಹನ್ನೆರಡು ಜನರ ಜೀವವನ್ನು ಇಂಥವಳ ಕೈಗೆ ಕೊಡಬೇಡ.

ಬಾಳೆಹಣ್ಣು ಕಳಿಸುವುದಾದರೆ ಕಳಿಸು. ಅದಕ್ಕೆ ಇಲ್ಲ ಎನ್ನುವುದಿಲ್ಲ.

ಜೀನತ್


ಕಮಲಾಪುರ
13 ಜುಲೈ 2025

ಜೀನತ್ ಆಪಾ,

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಬುಟ್ಟಿ ಹಣ್ಣು ಕಳಿಸಿದ್ದೇನೆ. ಮೇಲಿನವು ಹಣ್ಣಾಗಿವೆ, ಕೆಳಗಿನವು ಇನ್ನೂ ನಾಲ್ಕು ದಿನ ಇರಲಿ.

ನಿಮ್ಮ ಕಾಗದಕ್ಕೆ ಹೇಗೆ ಉತ್ತರ ಬರೆಯಬೇಕೋ ತಿಳಿಯಲಿಲ್ಲ. ಅದಕ್ಕೇ ಬೇರೆಯದನ್ನು ಬರೆಯುತ್ತೇನೆ. ಕಲಬುರಗಿಯಲ್ಲಿ ಅತಿಥಿಗೃಹ ನಡೆಸುವವರಿಗೆಂದು ಮೂರು ದಿನದ ತರಬೇತಿ ಇತ್ತು, ಹೋಗಿದ್ದೆ. ಹೆಸರು 'ಅಪಾಯ ನಿರ್ವಹಣೆ'. ಕಲಿಸಿದವನು ನೋಮಾನ್ ಎಂಬ ಹುಡುಗ. ದೊಡ್ಡ ಹೋಟೆಲಿನಲ್ಲಿ ಹತ್ತು ವರ್ಷ ಇದ್ದು ಬಂದವನಂತೆ, ಇಸ್ತ್ರಿ ಮುರಿಯದ ಅಂಗಿ. ಇವನೇನು ಹೇಳಿಯಾನು ಎಂದು ಹಿಂದಿನ ಬೆಂಚಿನಲ್ಲಿ ಕುಳಿತೆ.

ಮೊದಲ ದಿನ, ನಿಮ್ಮ ಮನೆಯಲ್ಲಿ ಅತಿಥಿಗೆ ಏನೇನು ಕೆಡುಕಾಗಬಹುದು ಬರೆಯಿರಿ ಎಂದ. ತೋಟದವರೆಲ್ಲ ಒಬ್ಬರನ್ನೊಬ್ಬರು ನೋಡದೆಯೇ ಹಾವು ಎಂದು ಬರೆದೆವು. ಅವನು ಚೀಟಿಗಳನ್ನು ಓದಿ, "ಹಾವು ಇರ್ಲಿ ಬಿಡ್ರಿ. ನಿಮ್ಮ ಶೇಂಗಾ ಹಿಂಡಿ ಬರ್ದವ್ರು ಒಬ್ರೂ ಇಲ್ಲಲ್ರಿ?" ಎಂದ. ಚಟ್ನಿಪುಡಿಯೂ ಅಪಾಯವೇ ಎಂದು ನಾವು ನಕ್ಕೆವು. ಶೇಂಗಾ ತಿಂದರೆ ಗಂಟಲು ಬಾತು ಉಸಿರು ಕಟ್ಟುವವರೂ ಇರುತ್ತಾರೆ ಎಂದು ಅವನು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು. ನಮ್ಮ ಪಲ್ಯ, ಚಟ್ನಿ, ಹೋಳಿಗೆ ಯಾವುದರಲ್ಲಿ ಶೇಂಗಾ ಇಲ್ಲ ಹೇಳಿ? ಕಣ್ಣೆದುರಿಗೆ ದಿನಾ ಇರುವುದನ್ನು ಅಪಾಯ ಎಂದು ಯಾರೂ ಎಣಿಸುವುದಿಲ್ಲ, ಅದನ್ನು ಹೊಸಬರ ಕಣ್ಣಿನಿಂದ ನೋಡಬೇಕು ಎಂಬುದು ಅವನ ಮೊದಲ ಪಾಠ.

ಆಮೇಲೆ ಒಂದೊಂದಕ್ಕೂ ಎರಡು ಪ್ರಶ್ನೆ: ಇದು ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು ದೊಡ್ಡದು. ಅಪರೂಪಕ್ಕೆ ಆಗುವಂಥದ್ದಾದರೂ ಪೆಟ್ಟು ದೊಡ್ಡದಾದರೆ ಮೊದಲು ಅದನ್ನೇ ಹಿಡಿಯಬೇಕಂತೆ. ಕೆಲವನ್ನು ಪೂರ್ತಿ ಬಿಟ್ಟುಬಿಡಬೇಕು. ನಾನು ಟ್ರ್ಯಾಕ್ಟರ್ ಸವಾರಿ ಬಿಟ್ಟೆ. ಕೆಲವನ್ನು ಕಡಿಮೆ ಮಾಡಬೇಕು. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸುತ್ತಿದ್ದೇನೆ. ಕೆಲವನ್ನು ವಿಮೆಯವರ ಜೊತೆ ಹಂಚಿಕೊಳ್ಳಬೇಕು. ಉಳಿದದ್ದನ್ನು ಗೊತ್ತಿದ್ದೇ ಹೊರಬೇಕು. "ಗೊತ್ತಿಲ್ದ ಹೊತ್ತ್ರ ಅದು ಧೈರ್ಯ ಅಲ್ರಿ" ಎಂದ. ಏಪ್ರಿಲ್, ಮೇ ತಿಂಗಳಲ್ಲಿ ಮನೆ ಮುಚ್ಚಿಡಲು ತೀರ್ಮಾನಿಸಿದ್ದೇನೆ. ಆ ಬಿಸಿಲಿಗೆ ಹೊರಗಿನವರನ್ನು ಕರೆಯುವುದು ತಪ್ಪು.

ಮನೆಯ ನಕ್ಷೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಬರದಿದ್ದರೆ ಬೇಡ, ನೋಡಿ ಬೈಯಿರಿ ಸಾಕು.

ನಿಮ್ಮ
ಅಂಜನಾ


ಕಮಲಾಪುರ
14 ಜುಲೈ 2025

ಆಪಾ,

ನಿನ್ನೆಯ ಕಾಗದವನ್ನು ಅಂಚೆಗೆ ಹಾಕಿ ಬಂದೆ. ಅದರಲ್ಲಿ ಹಾವು, ಶೇಂಗಾ, ಬಾವಿ ಎಲ್ಲ ಬರೆದೆ. ಬರೆಯಬೇಕಾದದ್ದು ಇದು.

ಎರಡನೆಯ ಕೀಲಿಕೈಯನ್ನು ಮೊಳೆಗೆ ಮರಳಿ ಹಾಕದವಳು ನಾನು. ಗುರುವಾರ, ಅಂದರೆ ಬೆಂಕಿಯ ಹಿಂದಿನ ದಿನ. ಪರೀಕ್ಷೆಗೆಂದು ಸೇಡಂನಿಂದ ಬಂದಿದ್ದ ಹುಡುಗಿ ಆ ಕೀಲಿಕೈ ತೆಗೆದುಕೊಂಡು ಮಧ್ಯಾಹ್ನದ ಸಿನಿಮಾಕ್ಕೆ ಹೋಗಿದ್ದಳು. ಅವಳ ಅಪ್ಪ ಫೋನ್ ಮಾಡಿ, "ಒಂದ ಬಾಗಲಾ ಒಂದ ಚಾವಿ ಅಂತ ಬೋರ್ಡ್ ಹಾಕೀರಿ, ನನ್ನ ಮಗಳು ಹ್ಯಾಂಗ ಹೊರಗ ಬಿದ್ಲು?" ಎಂದು ನನ್ನ ಮುಖಕ್ಕೆ ಹೊಡೆದಂತೆ ಹೇಳಿದರು. ಆ ಬೋರ್ಡ್ ಬರೆಸಿದವಳೂ ನಾನೇ. ನನಗೆ ಅವಮಾನವಾಯಿತು. ಹುಡುಗಿ ಬಂದ ಕೂಡಲೇ ಅವಳ ಕೈಯಿಂದ ಕಿತ್ತುಕೊಂಡು ನನ್ನ ಪರ್ಸಿನಲ್ಲಿ ಹಾಕಿಕೊಂಡೆ. ಸಂಜೆ ನಿಮಗೆ ಹೇಳಬೇಕೆಂದಿದ್ದೆ. ಹೇಳಲಿಲ್ಲ, ಮರೆತೆ. ಮರೆತವಳು ನಾನು.

ಶುಕ್ರವಾರ ಜಹಾಂಗೀರ್ ಫೋನ್ ಮಾಡಿದಾಗ ನಾನು ಇಲ್ಲಿ ಇದೇ ಕಟ್ಟೆಯ ಮೇಲೆ ಕುಳಿತಿದ್ದೆ. ಫೋನ್ ತೆಗೆಯಲು ಪರ್ಸಿಗೆ ಕೈ ಹಾಕಿದರೆ ಮೊದಲು ಸಿಕ್ಕದ್ದು ಆ ಕೀಲಿಕೈ. ಬಸ್ ಹತ್ತುವ ಮೊದಲು ಅದನ್ನು ಬಾವಿಗೆ ಎಸೆದೆ. ಯಾಕೆ ಎಸೆದೆ ಎಂದು ಕೇಳಿದರೆ ಇವತ್ತಿಗೂ ಒಂದೇ ಉತ್ತರ, ಹೆದರಿಕೆ. ಮರುದಿನ ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ನೀವು, "ನಾನ ಎಲ್ಲೋ ಇಟ್ಟು ಮರ್ತೀನ್ರಿ" ಎಂದಿರಿ. ನಾನು ನಿಮ್ಮ ಪಕ್ಕದ ಕುರ್ಚಿಯಲ್ಲಿದ್ದೆ. ಬಾಯಿ ಬಿಡಲಿಲ್ಲ.

ನೀವು ಬರುವುದಿಲ್ಲ ಎನ್ನುತ್ತಿರುವುದು ನನ್ನ ತಪ್ಪನ್ನು ನಿಮ್ಮದೆಂದು ನಂಬಿಕೊಂಡು. ಇದನ್ನು ಹೇಳಿದರೆ ನೀವು ಕೆಲಸಕ್ಕೆ ಮರಳಬಹುದು, ನನ್ನ ಮುಖ ನೋಡಲಿಕ್ಕಿಲ್ಲ. ಹೇಳದಿದ್ದರೆ ಎಂದಾದರೊಂದು ದಿನ ಒಲಿದು ಬರಬಹುದು ಎಂದು ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ನಾನು ಎಂಥವಳೆಂದು ಇದರಲ್ಲೇ ತಿಳಿಯುತ್ತದೆ.

ಅಂಜನಾ

(ಬರೆದೆ. ಲಕೋಟೆಗೆ ಹಾಕಿ ವಿಳಾಸವನ್ನೂ ಬರೆದೆ. ಕಳಿಸಲಿಲ್ಲ.)


ಮೋಮಿನಪುರ
20 ಆಗಸ್ಟ್ 2025

ಅಂಜನಾ,

ಹಣ್ಣು ಚೆನ್ನಾಗಿದ್ದವು. ಕೆಳಗಿನವನ್ನು ನಾಲ್ಕು ದಿನ ಬಿಡಬೇಕೆಂದರೆ ಹೀನಾಳನ್ನು ಮನೆಯಿಂದ ಹೊರಗೆ ಹಾಕಬೇಕಿತ್ತು.

ನಕ್ಷೆ ನೋಡಿದೆ. ಬೈಯಲು ಹೇಳಿದ್ದೀ, ಬೈಯುತ್ತೇನೆ. ಗ್ಯಾಸಿನ ಸಿಲಿಂಡರ್ ಅಡುಗೆಮನೆಯ ಬಾಗಿಲ ಬಳಿಯೇ ಇದೆ. ಅಲ್ಲಿ ಹತ್ತಿಕೊಂಡರೆ ಅಡುಗೆಯವರು ಯಾವ ಕಡೆ ಓಡಬೇಕು? ಕೋಣೆಗಳ ಬಾಗಿಲಿಗೆ ಹೊರಗೂ ಅಗುಳಿ ಬರೆದಿದ್ದೀ. ನಿನ್ನಪ್ಪ ಜೋಳದ ಚೀಲ ಇಡುತ್ತಿದ್ದ ಕೋಣೆಗೆ ಅದು ಸರಿ, ಮನುಷ್ಯರು ಮಲಗುವ ಕೋಣೆಗೆ ಬೇಡ. ಎಲ್ಲ ತೆಗೆಸು. ಮಾಳಿಗೆಗೆ ಇರುವುದು ಒಂದೇ ಮೆಟ್ಟಿಲು, ಅದೂ ಪಡಸಾಲೆಯೊಳಗಿಂದ. ಹೊರಗಿನಿಂದ ಇನ್ನೊಂದು ಕಟ್ಟಿಸು, ಇಲ್ಲವಾದರೆ ಮೇಲೆ ಯಾರನ್ನೂ ಮಲಗಿಸಬೇಡ. ಬಂದವರಿಗೆ ಮೊದಲು ಹೊರಹೋಗುವ ದಾರಿ ತೋರಿಸು, ಆಮೇಲೆ ಚಹಾ ಕೊಡು. ನಿನ್ನ ನೋಮಾನ್ ಇದನ್ನು ಹೇಳಿರಬೇಕು. ಹೇಳದಿದ್ದರೆ ನಾನು ಹೇಳಿದೆ ಎಂದು ಅವನಿಗೆ ತಿಳಿಸು.

ಇದನ್ನೆಲ್ಲ ಬರೆಯುವಾಗ ಬಹಳ ದಿನದ ಮೇಲೆ ಮನಸ್ಸಿಗೆ ಹಗುರವೆನಿಸಿತು. ಕಾಗದ ಮಡಚುವಾಗ ಮತ್ತೆ ಭಾರವಾಯಿತು. ಹೇಳುವುದಕ್ಕೆ ನಾನು ಯಾರು?

ಮಾನಮ್ಮನ ಮಗ ಈಗ ಕೋಟನೂರಿನಲ್ಲಿ ಮನೆ ಮಾಡಿ ತಾಯಿಯನ್ನು ಇಟ್ಟುಕೊಂಡಿದ್ದಾನೆ. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ನಾನು ತಿಂಗಳಿಗೊಮ್ಮೆ ಹೋಗಿ ಅವಳ ಕಾಲಿಗೆ ಎಣ್ಣೆ ತಿಕ್ಕಿ ಬರುತ್ತೇನೆ. ಮೊನ್ನೆಯೂ, "ನಾ ಚಾವಿ ಮರ್ತಿದ್ದಕ್ಕ ನಿಂಗ ಹಿಂಗ ಆಯ್ತು" ಎಂದೆ. "ಎಷ್ಟ ಸಲ ಅದನ್ನೇ ಹೇಳ್ತಿಬೇ, ಜೋರ ತಿಕ್ಕು" ಎಂದಳು. ಅವಳು ಬೈದಿದ್ದರೆ ನನಗೆ ಒಳ್ಳೆಯದಿತ್ತು.

ಇನ್ನೊಂದು ಮಾತು. ಐವಾನ್-ಎ-ಶಾಹಿ ಕಡೆ ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲ್ ಒಂದಿದೆ. ಅವರಿಗೆ ವಾರ್ಡನ್ ಬೇಕಂತೆ, ಎರಡು ಸಲ ಬಂದು ಕೇಳಿದರು. ಎರಡು ಸಲವೂ ಆಗುವುದಿಲ್ಲ ಎಂದೆ. ನಿನ್ನೊಬ್ಬಳಿಗೇ ಇಲ್ಲ ಎಂದೆನೆಂದು ತಿಳಿಯಬೇಡ ಎಂದು ಇದನ್ನು ಬರೆದೆ.

ಜೀನತ್


ಕಮಲಾಪುರ
12 ಸೆಪ್ಟೆಂಬರ್ 2025

ಜೀನತ್ ಆಪಾ,

ಹೊರಗಿನ ಅಗುಳಿಗಳನ್ನೆಲ್ಲ ತೆಗೆಸಿದೆ. ಸಿಲಿಂಡರ್ ಗೋಡೆಯ ಆಚೆ ಹೋಯಿತು. ಹೊರಗಿನ ಮೆಟ್ಟಿಲಿಗೆ ಗಾರೆಯವರು ಬಂದಿದ್ದಾರೆ. ತೋಟ ನೋಡಿಕೊಳ್ಳುವ ದೌಲಪ್ಪನಿಗೆ ಇದು ಒಂದೂ ಹಿಡಿಸಿಲ್ಲ. "ಅಕ್ಕೋರೆ, ಮನಿ ಕಟ್ಟಾಕತ್ತೀರೋ ಓಡಿಹೋಗೂ ದಾರಿ ಕಟ್ಟಾಕತ್ತೀರೋ?" ಎಂದು ದಿನಕ್ಕೊಮ್ಮೆ ಕೇಳುತ್ತಾನೆ. ಎರಡೂ ಎಂದೆ.

ನೋಮಾನ್ ಮನೆ ನೋಡಲು ಬಂದಿದ್ದ. ನಿಮ್ಮ ಚಹಾದ ಮಾತು ಹೇಳಿದೆ. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡು, "ಯಾರ್ರೀ ಇವ್ರು, ನಮ್ಮಲ್ಲಿ ಪಾಠಕ್ಕ ಕರೀಬೇಕಲ್ಲ" ಎಂದ.

ತರಬೇತಿಯ ಕೊನೆಗೆ ಎಲ್ಲರೂ ತಾವು ಕಂಡ ಒಂದು ಅವಘಡದ ಬಗ್ಗೆ ಒಂದು ಪುಟ ಬರೆದುಕೊಡಬೇಕಿತ್ತು. ನಾನು 'ಆಸರೆ'ಯದನ್ನು ಬರೆದಿದ್ದೆ. ಕಾರಣ ಎಂಬಲ್ಲಿ ಎರಡನೆಯ ಕೀಲಿಕೈ ಮರೆತದ್ದು ಎಂದು ಬರೆದಿದ್ದೆ. ಅವನು ಆ ಪುಟವನ್ನು ವಾಪಸ್ ಕೊಟ್ಟ. "ಮನುಷ್ಯಾರು ಮರೀತಾರ್ರಿ, ಅದು ಕಾರಣ ಅಲ್ಲ. ಒಬ್ರು ಮರ್ತ್ರ ಏಳು ಮಂದಿ ಒಳಗ ಸಿಗೂವಂಗ ಯಾಕ ಇಟ್ಟಿದ್ರಿ, ಅದನ್ನ ಬರೀರಿ" ಎಂದ. ಇನ್ನೊಂದೂ ಹೇಳಿದ. ಒಂದು ಅಪಾಯಕ್ಕೆಂದು ಹಾಕಿದ ಬೇಲಿ ಇನ್ನೊಂದು ಅಪಾಯವನ್ನು ಒಳಗೇ ಕೂಡಿಹಾಕಬಹುದು, ಆದ್ದರಿಂದ ಹೊಸ ಕಟ್ಟುನಿಟ್ಟು ಮಾಡಿದಾಗಲೆಲ್ಲ ಇದರಿಂದ ಯಾರು ಸಿಕ್ಕಿಬೀಳುತ್ತಾರೆ ಎಂದು ಕೇಳಿಕೊಳ್ಳಬೇಕು. ನಾವು ಗಂಡಸರು ಒಳಗೆ ಬಾರದಂತೆ ನೋಡಿಕೊಂಡೆವು. ಹೆಂಗಸರು ಹೊರಗೆ ಹೋಗುವುದನ್ನು ಯೋಚಿಸಲೇ ಇಲ್ಲ. ಮನೆಯಲ್ಲಿ ಒಂದು ವಸ್ತು ಜಾಗ ಬದಲಿಸಿದರೂ ಜೊತೆಗಾರರಿಗೆ ಆ ಕ್ಷಣವೇ ಹೇಳಬೇಕಂತೆ. ಅದನ್ನು ಕೇಳುವಾಗ ನನಗೆ ಅಲ್ಲಿ ಕುಳಿತಿರಲು ಆಗಲಿಲ್ಲ, ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಆ ಪುಟ ಇನ್ನೂ ನನ್ನ ಬಳಿಯೇ ಇದೆ, ತಿದ್ದಿ ಕೊಟ್ಟಿಲ್ಲ.

ಆಪಾ, ಒಮ್ಮೆ ಬಂದು ನೋಡಿ ಹೋಗಿ. ನಡೆಸುವ ಮಾತು ಬೇಡ. ನನಗೆ ನೀವು ಬೇಕು.

ನಿಮ್ಮ
ಅಂಜನಾ


ಮೋಮಿನಪುರ
8 ಅಕ್ಟೋಬರ್ 2025

ಅಂಜನಾ,

ಹೋದ ಕಾಗದದ ಕೊನೆಯ ಸಾಲು ಓದಿ ಸಿಟ್ಟು ಬಂತು. ಹೀಗೆಲ್ಲ ಬರೆಯುತ್ತೀ ಎಂದೇ ಫೋನ್ ಎತ್ತುತ್ತಿರಲಿಲ್ಲ. ಈಗ ಕಾಗದದಲ್ಲೂ ಕಲಿತುಬಿಟ್ಟಿದ್ದೀ.

ಬರುತ್ತೇನೆ. ನೋಡಿ ಹೋಗುವುದಕ್ಕಲ್ಲ, ಇರುವುದಕ್ಕೇ ಬರುತ್ತೇನೆ. ಹೀನಾಳಿಗೆ ಹೇಳಿದೆ. ಅವಳು ನನ್ನ ಎರಡು ಸೀರೆ ಇಸ್ತ್ರಿಗೆ ಕೊಟ್ಟು ಬಂದಳು. ಇಷ್ಟು ಬೇಗ ಕಳಿಸುವ ಉತ್ಸಾಹ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಆದರೆ ಒಂದು ಕರಾರು. ಅಡುಗೆ ಮಾಡುತ್ತೇನೆ, ಹಾಸಿಗೆ ಹಾಸುತ್ತೇನೆ, ಬಂದವರ ಜೊತೆ ಮಾತಾಡುತ್ತೇನೆ. ಯಾವ ಕೀಲಿಕೈಯನ್ನೂ ನನ್ನ ಕೈಗೆ ಕೊಡಬೇಡ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನನ್ನ ಹಿಂದೆ ಇನ್ನೊಬ್ಬರು ನೋಡಬೇಕು. ನಿನ್ನ ಅಪಾಯದ ಪಟ್ಟಿಯ ತುದಿಗೆ ನನ್ನ ಹೆಸರನ್ನೂ ಬರೆ: ಜೀನತ್, ವಯಸ್ಸು ಐವತ್ತನಾಲ್ಕು, ಮರೆವು. ತಮಾಷೆಗೆ ಹೇಳುತ್ತಿಲ್ಲ. ನೀನು ಇದನ್ನು ಬರೆದು, ಅದರ ಕೆಳಗೆ ನಿನ್ನ ಸಹಿ ಹಾಕಿ ನನಗೆ ಕಳಿಸಿದರೆ ನವೆಂಬರ್ ಒಂದಕ್ಕೆ ಬಸ್ ಹತ್ತುತ್ತೇನೆ.

ಹಾಸ್ಟೆಲಿನವರು ಮೂರನೆಯ ಸಲ ಬಂದಿದ್ದರು. ಬೇರೆಯವರನ್ನು ನೋಡಿಕೊಳ್ಳಿ ಎಂದೆ. ನಲವತ್ತು ಹುಡುಗಿಯರನ್ನು ನನ್ನ ಮೇಲೆ ಹಾಕಿಕೊಳ್ಳಲಾರೆ. ನಿನ್ನ ನೆರಳಲ್ಲಾದರೆ ಹೇಗೋ ಇರಬಲ್ಲೆ.

ಜೀನತ್


ಕಮಲಾಪುರ
17 ಅಕ್ಟೋಬರ್ 2025

ಆಪಾ,

ನಿಮ್ಮ ಕಾಗದ ಕೈಗೆ ಬಂದಾಗ ಸಂತೋಷದಿಂದ ದೌಲಪ್ಪನನ್ನು ಕೂಗಿ ಕರೆದೆ. ನಿಮ್ಮ ಕೋಣೆಗೆ ಯಾವ ಬಣ್ಣ ಎಂದು ಅವನನ್ನು ಕೇಳಿದೆ. ಆಮೇಲೆ ನೀವು ಹೇಳಿದಂತೆ ಪಟ್ಟಿ ತೆಗೆದು, ಕೊನೆಯಲ್ಲಿ ನಿಮ್ಮ ಹೆಸರು ಬರೆದೆ. ವಯಸ್ಸು ಬರೆದೆ. ಮುಂದಿನ ಶಬ್ದ ಬರೆಯಲು ಆಗಲಿಲ್ಲ.

ಇದರ ಜೊತೆ ಇನ್ನೊಂದು ಲಕೋಟೆ ಇದೆ. ಅದರ ಮೇಲೆ ನಿಮ್ಮ ವಿಳಾಸ ಇದೆ, ಜುಲೈ ಹದಿನಾಲ್ಕರ ತಾರೀಕು ಇದೆ. ಅವತ್ತೇ ಕಳಿಸಬೇಕಿತ್ತು. ನಿಜ ಹೇಳಬೇಕೆಂದರೆ ಮೂರು ವರ್ಷ ಮೊದಲೇ ಹೇಳಬೇಕಿತ್ತು. ನೀವು ಬರುವುದಿಲ್ಲ ಎನ್ನುತ್ತಿರುವವರೆಗೆ ಅದನ್ನು ಬಚ್ಚಿಟ್ಟುಕೊಂಡು ಇರಬಲ್ಲವಳಾಗಿದ್ದೆ. ನೀವು ಬರುತ್ತೇನೆ ಎಂದ ಮೇಲೆ, ಅದೂ ಹೀಗೆ ತಲೆ ತಗ್ಗಿಸಿ, ನನ್ನ ನೆರಳಲ್ಲಿ ಇರುತ್ತೇನೆ ಎಂದ ಮೇಲೆ, ಆಗುತ್ತಿಲ್ಲ. ಮೊದಲು ಅದನ್ನು ಓದಿ. ಓದಿದ ಮೇಲೆ ಬರಬೇಕೋ ಬೇಡವೋ ನೀವೇ ಹೇಳಿ.

ನೋಮಾನ್‌ಗೆ ಆ ಪುಟವನ್ನು ಹೊಸದಾಗಿ ಬರೆದು ಕೊಟ್ಟೆ. ನಾನು ಮಾಡಿದ್ದನ್ನು ಇದ್ದ ಹಾಗೆ ಬರೆದೆ, ನನ್ನ ಹೆಸರು ಹಾಕಿದೆ. ಅವನು ಎರಡು ಸಲ ಓದಿದ. "ಇದು ಅವರಿಗಿ ಗೊತ್ತದನ್ರಿ?" ಎಂದು ಕೇಳಿದ. ಇಲ್ಲ ಎಂದೆ. "ಮೊದ್ಲ ಅವರಿಗಿ ಹೇಳ್ರಿ, ನನಗೇನು" ಎಂದ.

ಮಾನಮ್ಮನಿಗೂ ಹೇಳಬೇಕು. ಈ ಮೂರು ವರ್ಷದಲ್ಲಿ ನಾನು ಒಮ್ಮೆಯೂ ಆಕೆಯ ಮನೆಯ ಕಡೆ ಹೋಗಿಲ್ಲ. ಮುಂದಿನ ಸಲ ನೀವು ಹೋಗುವಾಗ ನಿಮ್ಮ ಜೊತೆ ಬರಲೇ? ಒಬ್ಬಳೇ ಹೋಗಲು ಹೆದರಿಕೆ.

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಕ್ಷಮಿಸಿ.

ಅಂಜನಾ


ಐವಾನ್-ಎ-ಶಾಹಿ, ಕಲಬುರಗಿ
3 ಡಿಸೆಂಬರ್ 2025

ಅಂಜನಾ,

ನಿನ್ನ ಲಕೋಟೆಗಳು ಬಂದು ಆರು ವಾರ ಮೇಲಾಯಿತು. ಉತ್ತರ ಬರೆಯಲು ಕುಳಿತಾಗಲೆಲ್ಲ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತುತ್ತಿತ್ತು. ಇವತ್ತು ಕೈ ಸರಿಯಾಗಿದೆ.

ಮೊದಲು ನಂಬಲಿಲ್ಲ. ನನ್ನನ್ನು ಕರೆಸಿಕೊಳ್ಳಲು, ನನ್ನ ಮನಸ್ಸು ಹಗುರ ಮಾಡಲು, ಸುಳ್ಳೇ ಬರೆದಿದ್ದಾಳೆ ಎಂದುಕೊಂಡೆ. ಆಮೇಲೆ ಆ ಸೇಡಂ ಹುಡುಗಿ ನೆನಪಾದಳು. ಗುರುವಾರ ಸಂಜೆ ಅವಳು ಅಡುಗೆಮನೆಗೆ ಬಂದು ಸುಮ್ಮನೆ ಅಳುತ್ತ ನಿಂತಿದ್ದಳು. ಯಾಕೆ ಎಂದು ಕೇಳಿದೆ, ಹೇಳಲಿಲ್ಲ. ಪರೀಕ್ಷೆ ಕೆಟ್ಟಿರಬೇಕೆಂದು ಅವಳಿಗೆ ಎರಡು ಭಜಿ ಹೆಚ್ಚಿಗೆ ಕೊಟ್ಟೆ. ಆಗ ನಂಬಿದೆ.

ಮೂರು ವರ್ಷ, ಅಂಜನಾ. ನನ್ನ ತಲೆ ಕೆಟ್ಟಿದೆಯೇ ಎಂದು ಡಾಕ್ಟರ ಬಳಿ ಹೋಗಿದ್ದೆ, ಗೊತ್ತೇ ನಿನಗೆ? ನಿನಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ನನ್ನ ಅಮ್ಮನಿಗೆ ಕೊನೆಗಾಲದಲ್ಲಿ ನಾವು ಯಾರೆಂದು ಗೊತ್ತಾಗುತ್ತಿರಲಿಲ್ಲ. ನನಗೂ ಅದೇ ಶುರುವಾಗಿದೆ ಎಂದುಕೊಂಡು ದಿನ ದೂಡಿದೆ. ಬೆಳಿಗ್ಗೆ ಏಳುತ್ತಲೇ ಮನೆಯವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ನಿನ್ನ ಹೆಸರೂ ಇರುತ್ತಿತ್ತು.

ಬೀಗ ಹಾಕಿದವಳು ನಾನು. ಏಳು ಜನರನ್ನು ಒಳಗೆ ಬಿಟ್ಟು ಹೋಗುವಾಗ ಮೊಳೆಯ ಕಡೆ ಒಮ್ಮೆ ನೋಡಬೇಕಿತ್ತು, ನೋಡಲಿಲ್ಲ. ಆ ಪಾಲು ನನ್ನದೇ, ಅದನ್ನು ನಿನಗೆ ಕೊಡುವುದಿಲ್ಲ. ಆದರೆ ನಾನು ಮರೆತವಳಲ್ಲ. ಅದನ್ನು ಹೇಳಲು ನೀನು ಬಹಳ ತಡಮಾಡಿದೆ. ಕೊನೆಗೆ ಹೇಳಿದೆ, ಅದೂ ನಿಜ. ನಾನು ಬರುತ್ತೇನೆ ಎಂದ ಮೇಲೆ ಸುಮ್ಮನಿದ್ದುಬಿಡಬಹುದಿತ್ತು. ಇರಲಿಲ್ಲ.

ಮೇಲಿನ ವಿಳಾಸ ನೋಡಿರುತ್ತೀ. ಹಾಸ್ಟೆಲಿನವರ ಬಳಿ ನಾನೇ ನಡೆದು ಹೋಗಿ, ಜಾಗ ಇನ್ನೂ ಖಾಲಿ ಇದೆಯೇ ಎಂದು ಕೇಳಿದೆ. ನವೆಂಬರ್ ಹತ್ತರಂದು ಸೇರಿದೆ. ಬೆಂಕಿ ಬಿದ್ದರೆ ಎಷ್ಟು ಬೇಗ ಹೊರಬರುತ್ತಾರೆ ನೋಡೋಣ ಎಂದು ಮೊದಲ ವಾರವೇ ಒಂದು ಸಂಜೆ ಗಂಟೆ ಬಾರಿಸಿ ನಲವತ್ತು ಹುಡುಗಿಯರನ್ನೂ ಕೆಳಗಿಳಿಸಿದೆ. ಒಬ್ಬಳು ತಲೆಗೆ ಮೆಹಂದಿ ಹಚ್ಚಿಕೊಂಡೇ ಬಂದಳು, ಇನ್ನೊಬ್ಬಳು ಫೋನಿನಲ್ಲಿ ಮಾತಾಡುತ್ತ ಬಂದಳು. ಐದು ನಿಮಿಷ ಹಿಡಿಯಿತು. "ಆಂಟಿ ಬಂದಾಗಿಂದ ಓಡ್ಸಾಕತ್ತಾರ" ಎಂದು ಬೈದುಕೊಂಡರು. ನಿನ್ನೆ ಮತ್ತೆ ಇಳಿಸಿದೆ, ಎರಡೂವರೆ ನಿಮಿಷ. ಗ್ಯಾಸನ್ನು ಒಂದೇ ಸಲ ನೋಡಿ ಬರುತ್ತೇನೆ.

ಕಮಲಾಪುರಕ್ಕೆ ಬರುವುದಿಲ್ಲ. ನಿನ್ನ ಮನೆ ಚೆನ್ನಾಗಿ ನಡೆಯಲಿ ಎಂದು ಮನಸಾರೆ ಬಯಸುತ್ತೇನೆ. ಶಿಕ್ಷಕಿಯರಿಗೆ ಊಟಕ್ಕೆ ಮೊದಲೇ ಶೇಂಗಾ ಆಗುತ್ತದೋ ಇಲ್ಲವೋ ಕೇಳು. ನಿನ್ನ ಜೊತೆ ಕೂಡಿ ನಡೆಸುವುದು ಇನ್ನು ನನ್ನಿಂದಾಗದು. ನಿನ್ನ ಮೇಲೆ ಬಹಳ ಸಿಟ್ಟಿದೆ. ನೀನೆಂದರೆ ಪ್ರೀತಿಯೂ ಇದೆ, ಅದು ಹೋಗಿಲ್ಲ, ಅದಕ್ಕೇ ಸಿಟ್ಟು ಇಳಿಯುತ್ತಿಲ್ಲ.

ಮಾನಮ್ಮನಿಗೆ ನಾನು ಏನೂ ಹೇಳಿಲ್ಲ. ಅದು ನೀನು ಹೇಳಬೇಕಾದದ್ದು. ಕೋಟನೂರಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ನೀಲಿ ಬಾಗಿಲಿನ ಮನೆ. ನಾನು ಹೋಗುವುದು ತಿಂಗಳ ಎರಡನೆಯ ಶುಕ್ರವಾರ. ನೀನು ಬೇರೆ ದಿನ ಹೋಗು.

ಜೀನತ್